ಐವತ್ತಾರರ ಸೈಕಲ್ಲು, ಐದೂವರೆ ಅಡಿಯ ನಾನು

ಹೋದ ವಾರ ಆಫೀಸಿನ ಗೆಳೆಯನೊಬ್ಬ ರಾತ್ರಿ ಹತ್ತೂವರೆಗೆ ವಾಟ್ಸಾಪಿನಲ್ಲಿ ಮೂರು ಲಿಂಕ್ ಕಳಿಸಿದ. ಮೂರೂ ರೋಡ್ ಬೈಕು. ಕೆಳಗೆ ಒಂದು ಸಾಲು: "ಬಜೆಟ್ ಐವತ್ತು, ಅಬ್ಬಬ್ಬಾ ಅಂದ್ರೆ ಅರವತ್ತು. ಯಾವುದು ತಗೊಳ್ಳಲಿ? ಬೇಗ ಹೇಳೋ, ಆಫರ್ ನಾಳೆ ಮುಗಿಯುತ್ತೆ."

ಉತ್ತರ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ, ಮತ್ತೆ ಅಳಿಸಿದೆ. ಕೊನೆಗೆ "ನಿನ್ನ ಎತ್ತರ ಎಷ್ಟು?" ಅಂತ ಕೇಳಿದೆ. ಅವನು ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿ ಮಲಗಿಬಿಟ್ಟ ಅನ್ನಿಸುತ್ತದೆ.

ಅವನ ತಪ್ಪಿಲ್ಲ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನೂ ಎತ್ತರದ ಬಗ್ಗೆ ಯೋಚಿಸದೆ ಉತ್ತರ ಹುಡುಕಿದ್ದೆ. ಮೂರು ತಿಂಗಳು ಹುಡುಕಿದ್ದೆ. ಎಕ್ಸೆಲ್ ಶೀಟ್ ಮಾಡಿದ್ದೆ, ಅದರಲ್ಲಿ ಹನ್ನೊಂದು ಸೈಕಲ್ಲು, ಹದಿನಾಲ್ಕು ಕಾಲಂ. ಅಷ್ಟು ಮಾಡಿ ತಪ್ಪು ಸೈಕಲ್ ತಂದೆ. ಆ ಕಥೆಯನ್ನು ಅವನಿಗೆ ವಾಟ್ಸಾಪಿನಲ್ಲಿ ಬರೆಯೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಕಡೆ ಬೈಕ್ ಅಂದ್ರೆ ಪೆಟ್ರೋಲ್ ಹಾಕೋದು. ಹಾಗಾಗಿ ನಾನು ಸೈಕಲ್ ಅಂತಲೇ ಅನ್ನುತ್ತೇನೆ. ನಾನು ಹೇಳುತ್ತಿರುವುದು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ, ತೆಳ್ಳಗಿನ ಟೈರಿನ ಸೈಕಲ್ಲು. ನಮ್ಮ ಬೀದಿಯವರು ಅದನ್ನ "ರೇಸ್ ಸೈಕಲ್" ಅನ್ನುತ್ತಾರೆ, ನಾನು ಯಾವ ರೇಸಿಗೂ ಹೋಗದಿದ್ದರೂ.

ಈ ಬೆಲೆಯ ಸೈಕಲ್ಲುಗಳನ್ನ ಹುಡುಕೋಕೆ ಹೊರಟವರಿಗೆ ಮೊದಲು ಅಂಟುವ ಹುಚ್ಚು ಗೇರಿನದು. ಶಿಮಾನೋ ಕಂಪನಿಯ ಗೇರುಗಳಲ್ಲಿ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲು ಟೂರ್ನಿ, ಹಿಂದೆ 7 ಹಲ್ಲುಚಕ್ರ. ಅದರ ಮೇಲೆ ಕ್ಲಾರಿಸ್, 8. ಆಮೇಲೆ ಸೋರಾ, 9. ಟಿಯಾಗ್ರಾ, 10. ಅದರ ಮೇಲೆ 105 ಅನ್ನೋ ಹೆಸರಿನದು, ಹಳೆಯದಾದರೆ 10, ಆಮೇಲೆ 11, ಈಗ 12. ವಿಡಿಯೋಗಳನ್ನ ನೋಡ್ತಾ ನೋಡ್ತಾ ಈ ಏಣಿ ತಲೆಯಲ್ಲಿ ಜಾತಿಯ ಹಾಗೆ ಕೂತುಬಿಡುತ್ತದೆ. ಕ್ಲಾರಿಸ್ ಅಂದ್ರೆ ಪಾಪ ಅನ್ನಿಸುತ್ತೆ. ಟೂರ್ನಿ ಅಂದ್ರೆ ಮಾತೇ ಬೇಡ. "105 ಇಲ್ಲದೆ ರೋಡ್ ಬೈಕ್ ತಗೋಬೇಡಿ" ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ಅಂಥವರ ಜೇಬಲ್ಲಿ ಎಷ್ಟಿದೆ ಅಂತ ಮಾತ್ರ ಯಾರೂ ಕೇಳಲ್ಲ.

ನನ್ನ ಜೇಬಲ್ಲಿ ಇದ್ದದ್ದು 45 ಸಾವಿರ. ಅಷ್ಟಕ್ಕೆ ಹೊಸ 105 ಕನಸಿನಲ್ಲೂ ಬರಲ್ಲ. ಡೆಕಾಥ್ಲಾನ್‌ನ ಟ್ರೈಬನ್ ನೋಡಿದೆ. ಜೈಂಟ್, ಸ್ಕಾಟ್, ಮೆರಿಡಾ, ಪಾಲಿಗನ್, ಟ್ರೆಕ್ ಎಲ್ಲರ ಅತಿ ಕೆಳಗಿನ ಮಾಡೆಲ್ಲುಗಳನ್ನ ನೋಡಿದೆ. ಕೈಗೆಟುಕಿದವು ಟೂರ್ನಿ, ಸ್ವಲ್ಪ ಎಳೆದಾಡಿದರೆ ಕ್ಲಾರಿಸ್. ಮನಸ್ಸು ಒಪ್ಪಲಿಲ್ಲ. ಆಗ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ, ಅಲ್ಲಿ ಕಣ್ಣಿಗೆ ಬಿತ್ತು ಅದು. ಕೆಂಪು ಬಣ್ಣ, ಕಾರ್ಬನ್ ಫೋರ್ಕ್, 10 ಸ್ಪೀಡಿನ, ಅಂದ್ರೆ ಹಿಂದೆ 10 ಹಲ್ಲುಚಕ್ರದ, 105. ಬೆಂಗಳೂರಿನಲ್ಲಿತ್ತು. 38 ಸಾವಿರ. ಮಾರುವವನು ಹೊಸದಾಗಿ ಕೊಂಡಾಗ ಲಕ್ಷದ ಹತ್ತಿರ ಕೊಟ್ಟಿದ್ದನಂತೆ.

"ಸೈಜ್ 56, ನಿಮಗೆ ಸ್ವಲ್ಪ ದೊಡ್ಡದಾಗಬಹುದು ಬ್ರೋ" ಅಂತ ಅವನೇ ಹೇಳಿದ. ಪ್ರಾಮಾಣಿಕ ಮನುಷ್ಯ. ನಾನು ಐದೂವರೆ ಅಡಿ, ಅಂದ್ರೆ 168 ಸೆಂಟಿಮೀಟರ್. ಸೈಜ್ ಅಂದ್ರೆ ಫ್ರೇಮಿನ ಅಳತೆ, ಸೆಂಟಿಮೀಟರಿನಲ್ಲಿ. ನನಗೆ ಬೇಕಾದದ್ದು 52ರ ಆಸುಪಾಸು. "ಸೀಟು ಇಳಿಸಿಕೊಂಡ್ರೆ ಆಯ್ತು ಬಿಡಿ" ಅಂದೆ. ಈ ಒಂದು ವಾಕ್ಯಕ್ಕೆ ನಾನು ಮುಂದೆ ಏಳು ಸಾವಿರ ರೂಪಾಯಿ ತೆತ್ತೆ.

ಸೀಟು ಇಳಿಸಿದರೆ ಸೈಕಲ್ ಗಿಡ್ಡವಾಗುತ್ತದೆ, ಉದ್ದ ಕಮ್ಮಿಯಾಗಲ್ಲ. ಇದು ಅಟ್ಲಾಸ್, ಹರ್ಕ್ಯುಲಿಸ್ ಹೊಡೆದು ಬೆಳೆದ ನಮ್ಮ ತಲೆಗೆ ಹೋಗಲ್ಲ. ಆ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗೆ ಇಟ್ಟು ಕೂರುತ್ತಿದ್ದೆವು, ಹ್ಯಾಂಡಲ್ ನಮ್ಮ ಕಡೆಗೇ ಬಾಗಿ ಬರುತ್ತಿತ್ತು. ಅಳತೆ ಅನ್ನೋ ಮಾತೇ ಇರಲಿಲ್ಲ. ಎಂಟು ವರ್ಷದವನೂ ಅಡ್ಡ ಕಂಬಿಯ ಒಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದ, ಅಜ್ಜನೂ ಅದೇ ಸೈಕಲ್ ತುಳಿಯುತ್ತಿದ್ದ. ಬಾಗಿದ ಹ್ಯಾಂಡಲ್ಲಿನ ಸೈಕಲ್ ಹಾಗಲ್ಲ. ಇಲ್ಲಿ ಹ್ಯಾಂಡಲ್ ನಮ್ಮ ಹತ್ತಿರ ಬರಲ್ಲ, ನಾವೇ ಚಾಚಿಕೊಂಡು ಹೋಗಿ ಹಿಡಿಯಬೇಕು. ಎರಡು ಮೂರು ಸೆಂಟಿಮೀಟರ್ ಜಾಸ್ತಿ ಚಾಚಬೇಕಾಗಿ ಬಂದರೆ ಮೊದಲ ಹತ್ತು ಕಿಲೋಮೀಟರ್ ಏನೂ ಗೊತ್ತಾಗಲ್ಲ. ಇಪ್ಪತ್ತಕ್ಕೆ ಕತ್ತು ಹಿಡಿಯುತ್ತದೆ. ನಲವತ್ತಕ್ಕೆ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಜೋಮು ಹಿಡಿಯುತ್ತವೆ. ಮನೆಗೆ ಬಂದು ಕಾಫಿ ಲೋಟ ಎತ್ತಿದರೆ ಕೈಯಲ್ಲಿ ಲೋಟ ಇದೆಯೋ ಇಲ್ಲವೋ ತಿಳಿಯದು. ನಾನು ಇದನ್ನ "ಅಭ್ಯಾಸ ಆಗಬೇಕು ಅಷ್ಟೇ" ಅಂದುಕೊಂಡು ಮೂರು ತಿಂಗಳು ನೂಕಿದೆ.

ಸ್ಟೆಮ್, ಅಂದ್ರೆ ಹ್ಯಾಂಡಲನ್ನ ಫ್ರೇಮಿನ ಕಡೆಗೆ ಜೋಡಿಸುವ ತುಂಡು, ಚಿಕ್ಕದು ಹಾಕಿಸಿದೆ, 110 ಮಿಲಿಮೀಟರ್ ತೆಗೆದು 80 ಹಾಕಿಸಿದೆ. ಕತ್ತಿಗೆ ಸ್ವಲ್ಪ ಆರಾಮಾಯಿತು, ಆದರೆ ಹ್ಯಾಂಡಲ್ ಚಂಚಲವಾಯಿತು, ಹಿಂದೆ ಯಾರು ಬರ್ತಿದ್ದಾರೆ ಅಂತ ತಿರುಗಿ ನೋಡಿದರೆ ಸೈಕಲ್ ತಾನೂ ಆ ಕಡೆ ಹೋಗುತ್ತಿತ್ತು. ಮೈಸೂರಿನ ರಿಂಗ್ ರಸ್ತೆಯಲ್ಲಿ ಟಿಪ್ಪರ್ ಹಿಂದೆ ಇರುವಾಗ ಇದು ತಮಾಷೆಯ ವಿಷಯ ಅಲ್ಲ.

ಅಳತೆಯದು ಒಂದು ಕಥೆ. ಬೆಟ್ಟದ್ದು ಇನ್ನೊಂದು.

ಮೈಸೂರಿನಲ್ಲಿ ಸೈಕಲ್ ಹೊಡೆಯುವವರಿಗೆ ಚಾಮುಂಡಿ ಬೆಟ್ಟವೇ ಪರೀಕ್ಷೆ, ಬೆಂಗಳೂರಿನವರಿಗೆ ನಂದಿ ಬೆಟ್ಟ ಇದ್ದ ಹಾಗೆ. ನಾನು ಹತ್ತೋದು ತಾವರೆಕಟ್ಟೆ ಕಡೆಯಿಂದ. ಬೆಳಿಗ್ಗೆ ಆರಕ್ಕೆ ಹೋದರೆ ನಡೆಯುವವರು, ಓಡುವವರು, ಕೋತಿಗಳು, ಆಮೇಲೆ ನಾವು. (ಆಷಾಢ ಶುಕ್ರವಾರ ಮಾತ್ರ ಆ ಕಡೆ ಸೈಕಲ್ ತಗೊಂಡು ಹೋಗೋ ಸಾಹಸ ಬೇಡ.) ಕೆಂಪು ಸೈಕಲ್ಲಿನಲ್ಲಿ ನಾನು ಮೊದಲ ಸಲ ಹತ್ತಿದಾಗ ಮೂರು ಕಡೆ ಇಳಿದೆ. ಎರಡನೇ ಸಲ ಎರಡು ಕಡೆ. ಐದನೇ ಸಲವೂ ಒಂದು ಕಡೆ ಇಳಿದೆ, ಮಂಡಿಯ ಒಳಗೆ ಏನೋ ಕುಟುಕಿದ ಹಾಗೆ ಆಗುತ್ತಿತ್ತು. ನನ್ನ ಪಕ್ಕದಲ್ಲೇ ಒಬ್ಬರು ಅರವತ್ತು ದಾಟಿದವರು, ಟೂರ್ನಿ ಗೇರಿನ ಹೈಬ್ರಿಡ್ ಸೈಕಲ್ಲಿನಲ್ಲಿ (ನೇರ ಹ್ಯಾಂಡಲ್ಲಿನದು), ಗಿರಗಿರ ಅಂತ ತುಳಿಯುತ್ತಾ, "ಏನ್ ಸಾರ್, ಇಂಥಾ ಸೈಕಲ್ ಇಟ್ಕೊಂಡು" ಅಂದು ಮುಂದೆ ಹೋದರು.

ಮನೆಗೆ ಬಂದು ಮೊದಲ ಬಾರಿಗೆ ಹಲ್ಲು ಎಣಿಸಿದೆ. ಎಕ್ಸೆಲ್ ಶೀಟಿನಲ್ಲಿ ಗೇರಿನ ಹೆಸರಿತ್ತು, ತೂಕವಿತ್ತು, ಹಲ್ಲಿನ ಲೆಕ್ಕ ಮಾತ್ರ ಇರಲಿಲ್ಲ! ನನ್ನ ಸೈಕಲ್ಲಿನ ಮುಂದಿನ ಎರಡು ಹಲ್ಲುಚಕ್ರಗಳಲ್ಲಿ 53 ಮತ್ತು 39 ಹಲ್ಲು. ಹಿಂದೆ ಅತಿ ದೊಡ್ಡದು 25. ಅಂದ್ರೆ ಅತಿ ಹಗುರವಾದ ಗೇರಿನಲ್ಲೂ 39ನ್ನ 25ರಿಂದ ಭಾಗಿಸಿದರೆ 1.56. ಪೆಡಲ್ ಒಂದು ಸುತ್ತು ಹಾಕಿದರೆ ಹಿಂದಿನ ಚಕ್ರ ಒಂದೂವರೆ ಸುತ್ತಿಗಿಂತ ಜಾಸ್ತಿ. ಈ ಟೈರಿನ ಸುತ್ತಳತೆ ಸುಮಾರು 2.1 ಮೀಟರ್, ಹಾಗಾಗಿ ಒಂದು ತುಳಿತಕ್ಕೆ 3.3 ಮೀಟರ್. ಅದು ರೇಸ್ ಮಾಡುವವರ ಜೋಡಣೆ. ಈಗ ಮಾಮೂಲಿ ಕ್ಲಾರಿಸ್ ಸೈಕಲ್ ತಗೊಳ್ಳಿ. ಮುಂದೆ 50 ಮತ್ತು 34, ಹಿಂದೆ ಎಷ್ಟೋ ಮಾಡೆಲ್ಲುಗಳಲ್ಲಿ 32ರ ತನಕ. 34 ಭಾಗ 32 ಅಂದ್ರೆ 1.06. ಒಂದು ತುಳಿತಕ್ಕೆ 2.2 ಮೀಟರ್. ನಾನು ಬೆಟ್ಟದಲ್ಲಿ ಹೋಗೋದು ಗಂಟೆಗೆ 9 ಕಿಲೋಮೀಟರ್, ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ. ಆ ವೇಗಕ್ಕೆ ಕೆಂಪು ಸೈಕಲ್ಲಿನಲ್ಲಿ ನಿಮಿಷಕ್ಕೆ 46 ಸಲ ಪೆಡಲ್ ತಿರುಗುತ್ತದೆ, ಪ್ರತಿ ತುಳಿತವೂ ಬಾವಿಯಿಂದ ಕೊಡ ಎಳೆದ ಹಾಗೆ. ಇನ್ನೊಂದರಲ್ಲಿ 67 ಸಲ. ಅದೇ ಬೆಟ್ಟ, ಅದೇ ನಾನು, ಅದೇ ವೇಗ. ಮಂಡಿ ಮಾತ್ರ ಬೇರೆ.

ಅಂದ್ರೆ ನಾನು ದುಡ್ಡು ಕೊಟ್ಟು ಕೊಂಡಿದ್ದು ಹೆಸರು. ಬೇಕಾಗಿದ್ದದ್ದು ಏಳು ಹಲ್ಲು ಜಾಸ್ತಿ ಇರುವ ಒಂದು ಹಲ್ಲುಚಕ್ರ.

ಹಿಂದಿನ ಹಲ್ಲುಚಕ್ರಗಳನ್ನ ಬದಲಾಯಿಸಬಹುದಿತ್ತಲ್ಲ ಅಂತ ತಿಳಿದವರು ಕೇಳುತ್ತಾರೆ. ಬದಲಾಯಿಸಬಹುದಿತ್ತು. ಆಗ ಹಿಂದಿನ ಡಿರೇಲರ್ರೂ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋದು) ಬದಲಾಯಿಸಬೇಕು, ಚೈನು ಉದ್ದದ್ದು ಬೇಕು, ಮುಂದಿನ ಕ್ರ್ಯಾಂಕೂ (ಪೆಡಲಿನ ತೋಳು, ಅದರ ಹಲ್ಲುಚಕ್ರ) ಬದಲಾಯಿಸಿದರೆ ಒಳ್ಳೇದು. ಎಲ್ಲ ಸೇರಿ ಎಷ್ಟಾಗುತ್ತೆ ಅಂತ ಮೆಕ್ಯಾನಿಕ್ ಹೇಳಿದ ಮೊತ್ತ ಕೇಳಿ ನಾನು ಟೀ ಕುಡಿದು ಬರ್ತೀನಿ ಅಂತ ಎದ್ದುಬಂದೆ.

ಇಷ್ಟಾದರೂ ಅದನ್ನ ಮಾರುವ ಮನಸ್ಸು ಬಂದಿರಲಿಲ್ಲ. ಮಾರಿಸಿದ್ದು ಟಿ. ನರಸೀಪುರದ ರಸ್ತೆ.

ಒಂದು ಭಾನುವಾರ ಆ ಕಡೆ ಹೋಗಿದ್ದೆ. 23 ಮಿಲಿಮೀಟರ್ ಟೈರು, 110 ಪಿಎಸ್ಐ ಗಾಳಿ, ಕಲ್ಲಿನ ಹಾಗೆ ಗಟ್ಟಿ. ಊರಿನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ರಸ್ತೆಯ ಅಂಚಿನ ಗುಂಡಿಗೆ ಹಿಂದಿನ ಚಕ್ರ ಬಿತ್ತು. ಟ್ಯೂಬ್ ಪಂಕ್ಚರ್ ಆಗಿದ್ದರೆ ಪರವಾಗಿಲ್ಲ, ಇನ್ನೊಂದು ಟ್ಯೂಬ್ ಇತ್ತು. ಟೈರೇ ಪಕ್ಕದಲ್ಲಿ ಸೀಳಿಬಿಟ್ಟಿತ್ತು, ಹೆಬ್ಬೆರಳು ತೂರುವಷ್ಟು. ತಳ್ಳಿಕೊಂಡು ಊರು ಸೇರಿದೆ. ಒಂದು ಹಳೇ ಸೈಕಲ್ ಶಾಪ್ ತೆರೆದಿತ್ತು. ಮೇಲೆ ಸಾಲಾಗಿ ಟೈರು ನೇತು ಹಾಕಿದ್ದರು. 28 ಇಂಚಿನದ್ದು ಇದೆ ಅಂದರು. ನನಗೆ ಹೋದ ಜೀವ ಬಂತು, ರೋಡ್ ಬೈಕಿನ ಚಕ್ರವನ್ನೂ 28 ಇಂಚು ಅಂತಾರೆ ಅಂತ ಎಲ್ಲೋ ಓದಿದ್ದೆ.

ಅಂಗಡಿಯ ಯಜಮಾನರು ಟೈರು ತಂದು ರಿಮ್ಮಿಗೆ ಹಿಡಿದು ನೋಡಿದರು. ಕನ್ನಡಕ ಮೇಲೆತ್ತಿ ಇನ್ನೊಂದು ಸಲ ನೋಡಿದರು. "ಇದು ನಮ್ ಅಳ್ತೆ ಅಲ್ಲ ಸಾ" ಅಂದರು.

ನಿಜವಾಗಿಯೂ ಅಲ್ಲ. ನಮ್ಮ ಅಟ್ಲಾಸ್, ಹರ್ಕ್ಯುಲಿಸ್ ಚಕ್ರದ 28 ಇಂಚು ಬೇರೆ, ಟೈರು ಕೂರುವ ಜಾಗದಲ್ಲಿ ರಿಮ್ಮಿನ ಅಳತೆ 635 ಮಿಲಿಮೀಟರ್. ರೋಡ್ ಬೈಕಿನ 700ಸಿ ಅನ್ನುವುದು 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಟೈರು ಬಳೆಯ ಹಾಗೆ ಸಡಿಲವಾಗಿ ತೂಗಾಡುತ್ತದೆ. ಇದರಲ್ಲೊಂದು ತಮಾಷೆ ಇದೆ. ಈಗಿನ ಹುಡುಗರ ದಪ್ಪ ಟೈರಿನ ಎಂಟಿಬಿಯಲ್ಲಿ (ಮೌಂಟನ್ ಬೈಕ್) 29 ಅಂತ ಬರೆದಿರುತ್ತಾರಲ್ಲ, ಅದರ ರಿಮ್ ಕೂಡ 622. ಅಂದ್ರೆ 28 ಅನ್ನೋದು 28 ಅಲ್ಲ, 29 ಅನ್ನೋದು 28ಕ್ಕೆ ಸಮ. ಟೈರು ಕೊಳ್ಳುವಾಗ ಇಂಚು ನೋಡಬೇಡಿ, ಪಕ್ಕದಲ್ಲಿ ಸಣ್ಣದಾಗಿ 25-622, 28-622 ಅಂತ ಇರುತ್ತದೆ, ಆ ಎರಡನೇ ಅಂಕಿ ನೋಡಿ.

ಗಾಳಿಯದೂ ಅದೇ ಕಥೆ. ಅವರ ಪಂಪು ಮೋಟರ್‌ಬೈಕಿನ ವಾಲ್ವಿಗೆ ಹಿಡಿಯುತ್ತದೆ, ಹಳೇ ಸೈಕಲ್ಲಿನ ವಾಲ್ ಟ್ಯೂಬಿನ ವಾಲ್ವಿಗೆ ಹಿಡಿಯುತ್ತದೆ. ನನ್ನದು ಕಡ್ಡಿಯ ಹಾಗೆ ತೆಳ್ಳಗಿರುವ ಪ್ರೆಸ್ಟಾ ವಾಲ್ವ್, ಯಾವುದಕ್ಕೂ ಸೇರಲ್ಲ. (ಅದಕ್ಕೊಂದು ಚಿಕ್ಕ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಕಡಲೆಕಾಯಿ ಗಾತ್ರ. ಈಗ ಎರಡು ಇಟ್ಟುಕೊಂಡಿದ್ದೇನೆ.) ಕೊನೆಗೆ ಯಜಮಾನರು ಹಳೇ ಟೈರಿನಿಂದ ಒಂದು ತುಂಡು ಕತ್ತರಿಸಿ, ಅಂಚು ಸವರಿ ತೆಳ್ಳಗೆ ಮಾಡಿ, ಸೀಳಿದ ಜಾಗಕ್ಕೆ ಒಳಗಿನಿಂದ ಕೊಟ್ಟರು. ನನ್ನ ಕೈಪಂಪಿನಲ್ಲಿ ಅರ್ಧ ಗಾಳಿ ತುಂಬಿದೆವು. ಇಪ್ಪತ್ತು ರೂಪಾಯಿ ತಗೊಂಡರು. ಚಕ್ರ ಸುತ್ತಿಗೊಂದು ಸಲ ಟುಕ್ ಅನ್ನುತ್ತಿತ್ತು. ಮೈಸೂರಿನ ತನಕ ಟುಕ್ ಟುಕ್ ಟುಕ್.

ಆ ಟುಕ್ ಟುಕ್ ಕೇಳುತ್ತಾ ಬರುವಾಗಲೇ ತೀರ್ಮಾನ ಆಯಿತು. ದಪ್ಪ ಟೈರು ಹಾಕೋಣ ಅಂದ್ರೆ ಆ ಫ್ರೇಮಿನಲ್ಲಿ 25ಕ್ಕಿಂತ ದಪ್ಪದ್ದು ಹೋಗಲ್ಲ, ಬ್ರೇಕಿಗೆ ತಾಗುತ್ತದೆ. ಆಗಿನ ಕಾಲಕ್ಕೆ ಅದು ಸರಿಯಾಗಿತ್ತು, 23ರ ಟೈರೇ ವೇಗ ಅಂತ ಎಲ್ಲರೂ ನಂಬಿದ್ದ ಕಾಲ. ಈಗ ರೇಸಿನವರೇ 28ಕ್ಕೆ ಬಂದಿದ್ದಾರೆ. ನಮಗಂತೂ ಬೇರೆ ದಾರಿಯೇ ಇಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ, ಸೈಕಲ್ಲಿಗೂ ಇಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕೆಂದರೂ ಸರ್ವೀಸ್ ರಸ್ತೆಯೇ ಗತಿ. ಸರ್ವೀಸ್ ರಸ್ತೆ ಅಂದ್ರೆ ಹಂಪು, ಮಣ್ಣು, ಎದುರಿನಿಂದ ಬರುವ ಟ್ರ್ಯಾಕ್ಟರು, ಕಬ್ಬಿನ ಸೋಗೆ, ಮತ್ತೆ ಹಂಪು.

ಕೆಂಪು ಸೈಕಲ್ 31 ಸಾವಿರಕ್ಕೆ ಹೋಯಿತು. ಕೊಂಡವನು ನಂಜನಗೂಡು ಕಡೆಯ ಹುಡುಗ, ಆರಡಿಗೆ ಒಂದಿಂಚು ಕಮ್ಮಿ ಇರಬೇಕು, ಕಾಲು ಎರಡೂ ಬಿದಿರು ಗಳುವಿನ ಹಾಗೆ. ಓಡಿಸಿ ನೋಡ್ತೀನಿ ಅಂಕಲ್ ಅಂತ ನಮ್ಮ ಬೀದಿಯಲ್ಲಿ ಒಂದು ಸುತ್ತು ಹೋಗಿಬಂದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಸೈಕಲ್ ಅಷ್ಟು ಚೆಂದ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಬೆನ್ನು, ಕೈ, ಕಾಲು ಎಲ್ಲ ಹೇಗೆ ಇರಬೇಕೋ ಹಾಗೆ ಕೂತಿದ್ದವು. ನನ್ನ ಮೇಲೆ ಅದು ಅಣ್ಣನ ಶರ್ಟ್ ಹಾಕಿಕೊಂಡ ಹಾಗೆ ಕಾಣುತ್ತಿತ್ತಂತೆ, ಹೆಂಡತಿ ಆಮೇಲೆ ಹೇಳಿದಳು. ಮೊದಲೇ ಹೇಳಬಾರದಿತ್ತಾ ಅಂದ್ರೆ, "ನೀವು ಕೇಳಿದ್ದು ಬಣ್ಣ ಚೆನ್ನಾಗಿದೆಯಾ ಅಂತ" ಅಂದಳು.

ಎರಡನೇ ಸಲ ಎಕ್ಸೆಲ್ ಶೀಟ್ ಮಾಡಲಿಲ್ಲ. ಒಂದು ದಪ್ಪ ಪುಸ್ತಕ ತಗೊಂಡು, ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಪುಸ್ತಕವನ್ನ ಕಾಲಿನ ಸಂದಿಗೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಿನ ಅಂಚಿನ ತನಕ ಮಗಳ ಕೈಲಿ ಅಳತೆ ತೆಗೆಸಿದೆ. 77 ಸೆಂಟಿಮೀಟರ್. ಮಗಳಿಗೆ ನಗು ತಡೆಯೋಕೆ ಆಗಲಿಲ್ಲ. ಆ ಅಳತೆ ಹಿಡಿದು ಅಂಗಡಿಗಳಿಗೆ ಹೋದೆ, ಲಿಂಕುಗಳಿಗಲ್ಲ. ಒಂದು ಕಂಪನಿಯ 52 ಇನ್ನೊಂದರ ಎಸ್, ಮತ್ತೊಂದರ ಎಂ. ಹೆಸರಿಗೆ ಅರ್ಥವಿಲ್ಲ. ಕಂಪನಿಯ ಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಅಂತ ಎರಡು ಅಂಕಿ ಇರುತ್ತವೆ, ಫ್ರೇಮಿನ ಹ್ಯಾಂಡಲ್ ಕಡೆಯ ತುದಿ ಪೆಡಲ್ ಅಚ್ಚಿನಿಂದ ಎಷ್ಟು ಎತ್ತರ, ಎಷ್ಟು ದೂರ ಅಂತ. ಎರಡು ಸೈಕಲ್ ಹೋಲಿಸೋಕೆ ಅವೇ ಸಾಕು. ಆದರೂ ಕೂತು ತುಳಿದು ನೋಡೋದೇ ನಿಜ. ಒಂದು ಅಂಗಡಿಯಲ್ಲಿ ನನಗೆ ಹೊಂದುವ ಅಳತೆ ಸ್ಟಾಕ್ ಇಲ್ಲ, ಇರೋದನ್ನೇ "ಅಡ್ಜಸ್ಟ್ ಮಾಡಿಕೊಡ್ತೀವಿ ಸಾರ್" ಅಂದರು. ಅಡ್ಜಸ್ಟ್ ಅನ್ನೋ ಪದ ಕೇಳಿದ ಕೂಡಲೇ ನನ್ನ ಕಿರುಬೆರಳು ಜೋಮು ಹಿಡಿಯಿತು.

ಕೊನೆಗೆ ಕಣದಲ್ಲಿ ಎರಡು ಉಳಿದವು. ಒಂದು 7 ಸ್ಪೀಡಿನದು, ಕಮ್ಮಿ ಬೆಲೆ. ಇನ್ನೊಂದು ಕ್ಲಾರಿಸ್, ಸುಮಾರು 15 ಸಾವಿರ ಜಾಸ್ತಿ. ಒಂದು ಗೇರಿಗೆ 15 ಸಾವಿರ ಕೊಡಬೇಕಾ ಅಂತ ಮೊದಲು ಅನ್ನಿಸಿತು. ನನ್ನ ಮನಸ್ಸು ತಿರುಗಿಸಿದ್ದು ಗೇರಿನ ಸಂಖ್ಯೆ ಅಲ್ಲ. ನಾನು ನೋಡಿದ ಆ 7 ಸ್ಪೀಡಿನ ಸೈಕಲ್ಲಿನಲ್ಲಿ ಹಿಂದೆ ಇದ್ದದ್ದು ಥ್ರೆಡ್ ಇರುವ ಹಳೇ ಮಾದರಿಯ ಫ್ರೀವೀಲ್, ಅಂದ್ರೆ ಹಲ್ಲುಚಕ್ರಗಳ ಗೊಂಚಲನ್ನ ಹಬ್ಬಿಗೆ (ಚಕ್ರದ ನಡುವಿನ ಭಾಗಕ್ಕೆ) ತಿರುಚಿ ಕೂರಿಸೋದು. ಇದರಲ್ಲಿ ಬಲಗಡೆಯ ಬೇರಿಂಗ್ ಒಳಗೆ ದೂರದಲ್ಲಿ ಉಳಿಯುತ್ತದೆ, ಆಕ್ಸಲ್ಲಿನ ಉದ್ದನೆಯ ತುಂಡು ಆಸರೆ ಇಲ್ಲದೆ ಹೊರಗೆ ಚಾಚಿರುತ್ತದೆ. 78 ಕೆಜಿಯ ನಾನು ಗುಂಡಿಗೆ ಇಳಿಸಿದಾಗ ಬಾಗೋದು ಆ ತುಂಡು. ಎಂಟು ಸ್ಪೀಡಿನದರಲ್ಲಿ ಫ್ರೀಹಬ್, ತಿರುಗುವ ಭಾಗ ಹಬ್ಬಿನ ಜೊತೆಗೇ ಇರುವಂಥದು, ಬೇರಿಂಗ್ ತುದಿಯ ಹತ್ತಿರವೇ ಇರುತ್ತದೆ. ನೋಡೋಕೆ ಎರಡೂ ಒಂದೇ ಥರ. ಅಂಗಡಿಯ ಹುಡುಗನಿಗೆ ಕೇಳಿದರೆ ಗೊತ್ತಿರಲಿಲ್ಲ, ಒಳಗಿನಿಂದ ಮೆಕ್ಯಾನಿಕ್ ಬಂದು ಹೇಳಿದ.

ಇನ್ನೊಂದು, ಲಿವರ್. ಟೂರ್ನಿಯ ಲಿವರಿನಲ್ಲಿ ಒಂದು ಕಡೆಗೆ ಗೇರ್ ಬದಲಾಯಿಸೋಕೆ ಹೆಬ್ಬೆರಳಿನ ಗುಂಡಿ ಇರುತ್ತದೆ, ಹ್ಯಾಂಡಲ್ಲಿನ ಕೆಳಗಿನ ಬಾಗಿದ ಭಾಗ ಹಿಡಿದಿದ್ದಾಗ ನನ್ನ ಬೆರಳಿಗೆ ಅದು ಎಟುಕಲಿಲ್ಲ. ಕ್ಲಾರಿಸ್‌ನಲ್ಲಿ ಬ್ರೇಕ್ ಲಿವರನ್ನೇ ಒಳಗೆ ತಳ್ಳಿದರೆ ಒಂದು ಕಡೆ, ಹಿಂದಿನ ಚಿಕ್ಕ ಲಿವರ್ ತಳ್ಳಿದರೆ ಇನ್ನೊಂದು ಕಡೆ. ದುಬಾರಿ 105ರಲ್ಲೂ ಅದೇ ಕ್ರಮ.

ಕ್ಲಾರಿಸ್ ತಗೊಂಡೆ. 58 ಸಾವಿರ ಆಯಿತು. ಕೆಂಪು ಸೈಕಲ್ಲಿನ ದುಡ್ಡು, ಮೇಲೆ ಒಂದಷ್ಟು ಉಳಿತಾಯ. (ಆಮೇಲೆ 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ನನ್ನ ಟೈಮು ಯಾವತ್ತೂ ಹೀಗೇ.) ಯಾವ ಕಂಪನಿ ಅಂತ ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಎಲ್ಲರದೂ ಅಲ್ಯೂಮಿನಿಯಂ ಫ್ರೇಮು, ಹೆಚ್ಚುಕಮ್ಮಿ ಅದೇ ಗೇರು, ಅದೇ ಹತ್ತು ಹನ್ನೊಂದು ಕೆಜಿ. ಹೆಸರು ಹೇಳಿದರೆ ನೀವು ಹೆಸರು ಹಿಡಿದು ಹೋಗುತ್ತೀರಿ.

ತೂಕದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕಂದ್ರೆ ಅಂಗಡಿಯಲ್ಲಿ ಎಲ್ಲರೂ ಮೊದಲು ಮಾಡೋದು ಸೈಕಲ್ ಎತ್ತಿ ನೋಡೋದು. ಕೆಂಪು ಸೈಕಲ್ ಇದಕ್ಕಿಂತ ಒಂದೂವರೆ ಕೆಜಿ ಹಗುರ ಇತ್ತು. ನಾನು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 90 ಕೆಜಿ. ಒಂದೂವರೆ ಅನ್ನೋದು ಅದರಲ್ಲಿ ನೂರಕ್ಕೆ ಎರಡೂ ಇಲ್ಲ. ಅರ್ಧ ಗಂಟೆಯ ಬೆಟ್ಟಕ್ಕೆ ಅರ್ಧ ನಿಮಿಷ. ಕೆಂಪು ಸೈಕಲ್ಲಿನಲ್ಲಿ ಇಳಿದು ನಿಂತು ಏದುಸಿರು ಬಿಟ್ಟದ್ದೇ ಐದು ನಿಮಿಷ.

ಹೊಸದರಲ್ಲಿ ಕೊರತೆ ಇಲ್ಲ ಅಂತಲ್ಲ. ಬೇಕಾದಷ್ಟಿವೆ. ಸೀಟು ಹಲಗೆ. ಅದರ ಜೊತೆ ಬಂದ ಬ್ರೇಕ್ ಪ್ಯಾಡುಗಳು ಸೋಪಿನ ಹಾಗೆ, ಮೊದಲ ಮಳೆಯಲ್ಲಿ ಬೆಟ್ಟ ಇಳಿಯುವಾಗ ಎರಡೂ ಲಿವರ್ ಒತ್ತಿ ಹಿಡಿದು ಚಾಮುಂಡಿ ತಾಯಿಯನ್ನ ನೆನೆದೆ. ಮಾರನೇ ದಿನ ಒಳ್ಳೇ ಪ್ಯಾಡ್ ಹಾಕಿಸಿದೆ, ಸಾವಿರದೊಳಗೆ ಆಯಿತು, ಈ ದರ್ಜೆಯ ಸೈಕಲ್ಲಿಗೆ ಅದಕ್ಕಿಂತ ಒಳ್ಳೇ ಖರ್ಚು ಇಲ್ಲ. ಡಿಸ್ಕ್ ಬ್ರೇಕ್ ತಗೋಬೇಕಿತ್ತು ಅಂತ ಕೆಲವರು ಅಂದರು. ಮಳೆಗೆ ಡಿಸ್ಕ್ ಒಳ್ಳೇದೇ, ಆದರೆ ನನ್ನ ಬಜೆಟ್ಟಿಗೆ ಸಿಕ್ಕಿದ್ದು ಕೇಬಲ್ ಎಳೆಯುವ ಅಗ್ಗದ ಡಿಸ್ಕ್, ಅದನ್ನ ಆಗಾಗ ಸರಿ ಮಾಡಿಸುತ್ತಿರಬೇಕು, ತೂಕವೂ ಜಾಸ್ತಿ. ದಿನಾ ಮಳೆಯಲ್ಲಿ ಓಡಾಡುವ ಮಲೆನಾಡಿನವರು ನನ್ನ ಮಾತು ಕೇಳಬೇಡಿ, ಡಿಸ್ಕೇ ತಗೊಳ್ಳಿ.

ಟೈರು 28 ಮಿಲಿಮೀಟರ್. 75 ಪಿಎಸ್ಐ ಗಾಳಿ ಸಾಕು. ಸರ್ವೀಸ್ ರಸ್ತೆ ಈಗಲೂ ಸರ್ವೀಸ್ ರಸ್ತೆಯೇ, ಆದರೆ ಹಲ್ಲು ಕಟಕಟ ಅನ್ನಲ್ಲ.

ಆಮೇಲೆ ಗೊತ್ತಾದ ಒಂದು ವಿಷಯ ಇದೆ, ಅದನ್ನ ಯಾವ ವಿಡಿಯೋದಲ್ಲೂ ನಾನು ಕೇಳಿರಲಿಲ್ಲ. ಎಂಟು ಸ್ಪೀಡಿನ ಚೈನು ನಮ್ಮ ಏರಿಯಾದ ಅಂಗಡಿಯಲ್ಲೇ ಸಿಗುತ್ತದೆ. ಹುಡುಗರ ಗೇರ್ ಸೈಕಲ್ಲಿಗೆ ಹಾಕುವ ಅದೇ ಚೈನು. ಹಿಂದಿನ ಕ್ಯಾಸೆಟ್ಟೂ (ಹಲ್ಲುಚಕ್ರಗಳ ಗೊಂಚಲು) ಅಷ್ಟೇ, ಎಂಟು ಸ್ಪೀಡಿನ ಎಂಟಿಬಿಯದು ಕೂರುತ್ತದೆ. ಹಿಂದಿನ ಡಿರೇಲರ್ ಮುರಿದರೆ ಶಿಮಾನೋದ ಎಂಟು ಸ್ಪೀಡಿನ ಎಂಟಿಬಿ ಡಿರೇಲರ್ರೇ ಈ ಲಿವರಿಗೆ ಹೊಂದುತ್ತದೆ, ದೂರದ ಪ್ರವಾಸ ಮಾಡುವವರು ಇನ್ನೂ ಹಗುರ ಗೇರಿಗಾಗಿ ಬೇಕೆಂದೇ ಹಾಗೆ ಹಾಕಿಸುತ್ತಾರೆ. ಮೇಲಿನ ದರ್ಜೆಗೆ ಹೋದ ಹಾಗೆ ಚೈನು ತೆಳ್ಳಗಾಗುತ್ತದೆ, ಬೆಲೆ ಏರುತ್ತದೆ, ಬೆಂಗಳೂರಿನಿಂದ ತರಿಸಬೇಕಾಗುತ್ತದೆ. ನನ್ನ ಮೆಕ್ಯಾನಿಕ್ ಈ ಸೈಕಲ್ ನೋಡಿದಾಗ "ಇದು ನನ್ನ ಕೈಗೆ ಬರೋ ಸೈಕಲ್ ಸಾರ್" ಅಂದ. ಕೆಂಪು ಸೈಕಲ್ ನೋಡಿದಾಗ ಅವನ ಮುಖ ಹೇಗಿತ್ತು ಅಂತ ಆಗ ನೆನಪಾಯಿತು.

ಕೊನೆಯದು, ಬಿಲ್ಲಿನಲ್ಲಿ ಕಾಣದ ಖರ್ಚು. ಹೆಲ್ಮೆಟ್ಟು, ಪಂಪು, ಎರಡು ಟ್ಯೂಬು, ಹಿಂದೆ ಮುಂದೆ ಲೈಟು, ಬೀಗ, ಬಾಟಲಿ ಹಿಡಿಯುವ ಕೇಜು, ಪ್ಯಾಡ್ ಇರುವ ಚಡ್ಡಿ. ನನಗೆ ಎಂಟು ಸಾವಿರ ದಾಟಿತು. ಕೆಲವಕ್ಕೆ ಪೆಡಲ್ ಕೂಡ ಬೇರೆ ಕೊಳ್ಳಬೇಕು. ಐವತ್ತು ಸಾವಿರ ಇದ್ದರೆ ಸೈಕಲ್ಲಿಗೆ ನಲವತ್ತೆರಡು ಅಂತ ಲೆಕ್ಕ ಹಾಕಿ. "ಅಷ್ಟು ದುಡ್ಡು ಕೊಟ್ಟು ಒಂದು ಸ್ಟ್ಯಾಂಡ್ ಕೂಡ ಕೊಡಲ್ವೇನ್ರೀ?" ಅಂತ ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಗೋಡೆಗೆ ಒರಗಿಸಿಯೇ ಇಡುತ್ತೇನೆ. ಪಕ್ಕದ ಮನೆಯವರು ಮಾತ್ರ ಇದಕ್ಕೆ ಒಂದು ಹಳೇ ಸ್ಪ್ಲೆಂಡರ್ ಬರ್ತಿತ್ತಲ್ಲ ಅನ್ನೋದನ್ನ ಇನ್ನೂ ನಿಲ್ಲಿಸಿಲ್ಲ.

ಇನ್ನು ಗೆಳೆಯನ ವಿಷಯ. ಅವನು ಮಾರನೇ ದಿನ ಆಫೀಸಿನಲ್ಲಿ ಸಿಕ್ಕಿ, "ಎತ್ತರ ಯಾಕೋ ಬೇಕು, ನಾನೇನು ಪೊಲೀಸ್ ಸೇರ್ತಿದ್ದೀನಾ?" ಅಂದ. ಭಾನುವಾರ ಮನೆಗೆ ಬಾ ಅಂದೆ. ಬಂದ. ಅವನದು ಐದು ಅಡಿ ಹತ್ತಿಂಚು. ನನ್ನ ಸೈಕಲ್ ಹತ್ತಿಸಿದೆ. ಸೀಟು ಎಷ್ಟು ಎತ್ತಿದರೂ ಮಂಡಿ ಮೇಲೆ ಬಂದು ಎದೆಗೆ ತಾಗುವ ಹಾಗೆ, ಸರ್ಕಸ್ಸಿನ ಕರಡಿಯ ಹಾಗೆ ಬೀದಿ ಸುತ್ತಿ ಬಂದ. ಇಳಿದು, "ಇದು ನನಗಾಗಲ್ಲ ಕಣೋ" ಅಂದ.

"ಅದೇ ಹೇಳ್ತಿದ್ದೀನಿ" ಅಂದೆ.

ಆಮೇಲೆ ಕೂತು ಮಾತಾಡಿದೆವು. ಅವನಿಗೆ ಬೇಕಾದದ್ದು ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರ್, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ತಿಂಗಳಿಗೆ ಒಂದೋ ಎರಡೋ ಭಾನುವಾರ ಕೆಆರ್‌ಎಸ್ ಕಡೆಗೆ. ಹಾಗಾದರೆ ಬಾಗಿದ ಹ್ಯಾಂಡಲ್ ಯಾಕೆ, ಕ್ಯಾರಿಯರ್ ಹಾಕೋಕೆ ತೂತು ಇರುವ ಒಂದು ಹೈಬ್ರಿಡ್ ತಗೋ, ಇಪ್ಪತ್ತೈದು ಸಾವಿರದಲ್ಲಿ ಮುಗಿಯುತ್ತೆ ಅಂದೆ. ಅವನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಕಣೋ, ನನಗೆ ಆ ಟಗರು ಕೊಂಬಿನದ್ದೇ ಬೇಕು" ಅಂದ.

ಬೇಕು ಅಂದ ಮೇಲೆ ಬೇಕು. ನಾನು ಮಾತ್ರ ಯಾವ ಲೆಕ್ಕ ಹಾಕಿ ಅದನ್ನ ಕೊಂಡಿದ್ದೆ? ಒಳಗೆ ಹೋಗಿ ಆ ದಪ್ಪ ಪುಸ್ತಕ ತಂದು ಅವನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಗೋಡೆಗೆ ನಿಂತ್ಕೋ ಅಂದೆ. ಮಗಳು ಟೇಪು ತರೋಕೆ ಓಡಿದಳು.